ಮಾವನ ಕಾಲೇಜು ರೇಡಿಯೋ

ನನ್ನ ಸೋದರಮಾವ ಕುಮಟೆಯ ಅತಿ ದೊಡ್ಡ ಮೌನಿ. ಇಡೀ ಪೇಟೆಗೆ ಕೇಳುವಂತೆ ಮಾತಾಡುತ್ತಿದ್ದವರೂ ಅವರೇ! ನಂಬುವುದಿಲ್ಲವೇ? ನಮ್ಮ ಅತ್ತೆಯನ್ನು ಕೇಳಬೇಕಿತ್ತು. "ಮನೇಲಿ ಇವರ ಬಾಯಿಂದ ಒಂದು ಶಬ್ದ ಇಲ್ಲೆ. ಮಾತು ಬೇಕಾದ್ರೆ ಬಾಗಿಲಲ್ಲಿ ನಿಂತು ಪೇಟೆ ಕಡೆ ಕಿವಿ ಕೊಡವು" ಎನ್ನುತ್ತಿದ್ದರು. ಹೆಂಡತಿಯ ಹೆಸರನ್ನಂತೂ ಮಾವ ಮದುವೆಯಾದಾಗಿನಿಂದ ಎತ್ತಿರಲಿಲ್ಲ. ಆ ಕಾಲದ ಗಂಡಸರು ಯಾರು ಎತ್ತುತ್ತಿದ್ದರು? "ಹೋಯ್" ಎಂದರೆ ಅತ್ತೆ, "ಹೋಯ್ ಹೋಯ್" ಎಂದರೆ ಆಕಳು.

ಮಾವ ಕಾಲೇಜಿನಲ್ಲಿ ಭೌತಶಾಸ್ತ್ರದ ಮಾಸ್ತರು; ನಾನು ಅವರ ಮನೆಯಲ್ಲೇ ಇದ್ದು ಅಲ್ಲಿ ಓದುತ್ತಿದ್ದೆ. ಅರವತ್ತರ ದಶಕದಲ್ಲಿ ಪ್ರಯೋಗಶಾಲೆಯ ಮೂಲೆಯಲ್ಲಿ ಮೈಕು ಜೋಡಿಸಿ, ಪೇಟೆಗೂ ಆಸ್ಪತ್ರೆಗೂ ತಂತಿ ಎಳೆದು ಲೌಡ್‌ಸ್ಪೀಕರ್ ಕಟ್ಟಿಸಿದರು. ಊರಿನ ಬಾಯಲ್ಲಿ ಅದು ಕಾಲೇಜು ರೇಡಿಯೋ ಆಯಿತು. ದಿನಾ ಸಂಜೆ ಸುದ್ದಿ. "ನಾಳೆ ಹೊನ್ನಾವರದಲ್ಲಿ ಶರಾವತಿ ದಾಟಲು ತಾರಿ ಇಲ್ಲ, ದೋಣಿ ರಿಪೇರಿ. ಭಟ್ಕಳಕ್ಕೆ ಹೊರಟವರು ಮನೆಯಲ್ಲೇ ಉಣ್ಣಿ." "ಇಡಗುಂಜಿಗೆ ಹೋದವರೊಬ್ಬರು ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದಿದ್ದಾರೆ. ಗಣಪತಿ ನೋಡಿದ್ದಾನೆ, ತಂದುಕೊಡಿ." ಮರುದಿನ ಬೆಳಿಗ್ಗೆ ಚಪ್ಪಲಿ ಕಾಲೇಜಿನ ಮೆಟ್ಟಿಲ ಮೇಲಿತ್ತು!

ಮಾವನ ಕಟ್ಟುನಿಟ್ಟು ಒಂದೇ: ಇದು ಊರಿನದು, ಇಲ್ಲಿ ಜಾಹೀರಾತೂ ಇಲ್ಲ, ಸ್ವಂತದ ಸುದ್ದಿಯೂ ಇಲ್ಲ. ಜವಳಿ ಅಂಗಡಿಯ ಶೇಟರು ಒಮ್ಮೆ ಹೊಸ ಪಂಚೆ ಹಿಡಿದುಕೊಂಡು ಬಂದರು.

"ಮಾಸ್ತರ್ರೇ, ನಮ್ಮ ಅಂಗಡಿ ಹೆಸರೊಂದು ಹೇಳಿಬಿಡಿ. ನಿಮ್ಮದೆಂತ ಹೋಗ್ತದೆ?"

"ನಿಮ್ಮ ಅಂಗಡಿಗೆ ಬೆಂಕಿ ಬಿದ್ದರೆ ಹೇಳ್ತೇನೆ. ಪುಕ್ಕಟೆ."

ಶೇಟರು ಪಂಚೆ ಸಮೇತ ಮರಳಿದರು.

ನಮ್ಮದೇ ಆಕಳು ಕಳೆದುಹೋದಾಗಲೂ ಅದೇ ಕಾನೂನು. ಊರವರ ಆಕಳನ್ನೆಲ್ಲ ಮೈಕಿನಲ್ಲಿ ಹುಡುಕಿಕೊಟ್ಟ ಮನುಷ್ಯ, ತನ್ನದಕ್ಕೆ ಓಣಿ ಓಣಿ ಸುತ್ತಿ ಗಂಟಲು ಹರಿದುಕೊಂಡರು. ಸೋತು ಸಂಜೆ ಸುದ್ದಿಗೆ ಕುಳಿತರೆ, ಪೇಟೆಯ ಲೌಡ್‌ಸ್ಪೀಕರಿನ ಕೆಳಗೆ ಆಕಳು ಕಿವಿ ನಿಮಿರಿಸಿ ನಿಂತಿತ್ತಂತೆ. ಅದಕ್ಕಾದರೂ ಯಜಮಾನರ ದನಿ ಗೊತ್ತಿತ್ತು.

ಆಮೇಲೆ ಅತ್ತೆಯ ಹೆರಿಗೆ. ಮಗು ಚೆನ್ನಾಗಿತ್ತು, ಆದರೆ ಅತ್ತೆಗೆ ರಕ್ತ ಹೋಗುವುದು ನಿಲ್ಲದೆ ಎಚ್ಚರ ತಪ್ಪಿತು. "ರಕ್ತ ಕೊಡುವವರು ಬೇಕು, ಈಗಲೇ" ಎಂದರು ಡಾಕ್ಟರು. ಮಾವ ಕಾಲೇಜಿಗೆ ಓಡಿದರು, ಹಿಂದೆಯೇ ನಾನು. ಮೈಕು ಹಾಕಿದರು, ಬಾಯಿ ತೆರೆದರು. ದನಿಯೇ ಬರಲಿಲ್ಲ. ಅವರ ಏದುಸಿರು ಮಾತ್ರ ಊರಿಗೆಲ್ಲ ಕೇಳುತ್ತಿತ್ತು. ನಾನಾಗಲೇ ಅಳಲು ಶುರು ಮಾಡಿದ್ದೆ. ಅಷ್ಟರಲ್ಲಿ ಶೇಟರು ಪೇಟೆಯಿಂದ ಓಡಿಬಂದರು.

"ಎಂತ ಆತು ಮಾಸ್ತರ್ರೇ?"

"ಮನೆಯವಳಿಗೆ ರಕ್ತ ಬೇಕು ಶೇಟರೇ. ಸ್ವಂತದ್ದು… ಹೇಗೆ ಹೇಳಲಿ?"

"ಅತ್ಲಾಗೆ ಸರೀರಿ." ಶೇಟರು ಮೈಕು ಹಿಡಿದರು. "ನಾನು ಜವಳಿ ಅಂಗಡಿಯವ. ಇದು ಜಾಹೀರಾತಲ್ಲ. ನಮ್ಮ ಮಾಸ್ತರರ ಹೆಂಡತಿಗೆ ರಕ್ತ ಬೇಕು. ಆಸ್ಪತ್ರೆಗೆ ಬನ್ನಿ." ಅಷ್ಟೇ. ಅಂಗಡಿಯ ಹೆಸರು ಹೇಳಲಿಲ್ಲ.

ನಾವು ಆಸ್ಪತ್ರೆ ಮುಟ್ಟುವಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೀನಿನ ಬುಟ್ಟಿ ಕೆಳಗಿಟ್ಟು ಬಂದವರಿದ್ದರು, ತಾರಿಯವರಿದ್ದರು, ಕಾಲೇಜಿನ ಅರ್ಧ ಹುಡುಗರಿದ್ದರು. ಆ ರೇಡಿಯೋ ನಮ್ಮ ಕಾಲೇಜಿನದು ಎನ್ನಲು ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಮರುದಿನ ಸಂಜೆ ಅತ್ತೆಯ ಹಾಸಿಗೆಯ ಪಕ್ಕ ಕುಳಿತಿದ್ದೆ. ಕಿಟಕಿಯಾಚೆ ಮಾವನ ದನಿ ಬಂತು. "ನಾಳೆ ತಾರಿ ಇದೆ. ಇನ್ನೊಂದು, ಸ್ವಂತದ ಸುದ್ದಿ. ಊರವರು ಕ್ಷಮಿಸಬೇಕು." ಆಮೇಲೆ, "ಸಾವಿತ್ರಿ ಕಣ್ಣು ಬಿಟ್ಟಳು" ಎಂದರು.

ಅತ್ತೆ ಮೆಲ್ಲಗೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಕೆನ್ನೆ ಒದ್ದೆಯಾಗಿತ್ತು.

"ಇನ್ನೊಂದು ಸಲ ಹೇಳಿದ್ರಾಗಿತ್ತು" ಎಂದರು.