ಹೊಂಗೆಕೊಪ್ಪಲಿನ ಕೊಪ್ಪರಿಗೆ ಗಡಿ ದಾಟಿದ ಪ್ರಸಂಗ

ಜಯ ಜಯ! ನಕ್ಷೆಯೆಂಬ ಮಹಾರಣ್ಯದಲ್ಲಿ ಕೆಂಪು ಪೆನ್ಸಿಲೆಂಬ ವಜ್ರಾಯುಧವನ್ನು ಧರಿಸಿ ವಿಹರಿಸುವವಳೇ, ಹಳ್ಳಿಯನ್ನು ಬಡಾವಣೆಯಾಗಿಯೂ ಬಡಾವಣೆಯನ್ನು ವಾರ್ಡಾಗಿಯೂ ಮಾರ್ಪಡಿಸಬಲ್ಲವಳೇ, ಮಲಗಿದ್ದವನು ಮಗ್ಗುಲು ಬದಲಿಸುವಷ್ಟರಲ್ಲಿ ಅವನನ್ನು ನಗರವಾಸಿಯಾಗಿಸಿ ಕಂದಾಯದ ಚೀಟಿ ಕಳಿಸಬಲ್ಲವಳೇ, ಹೇ ಗಡಿದೇವತೆಯೇ, ನಿನಗೆ ನಮಸ್ಕಾರ! ನನ್ನ ನಾಲಗೆಯ ಮೇಲೆ ಬಂದು ನೆಲೆಸು ತಾಯೇ. ದಮ್ಮಯ್ಯ, ಅಲ್ಲಿ ಮಾತ್ರ ಗೆರೆ ಎಳೆಯಬೇಡ. ಕಲಿಯುಗದ ಪ್ರಥಮಪಾದದಲ್ಲಿ, ಗಡಿವಿಸ್ತರಣೆಯೆಂಬ ಮನ್ವಂತರದಲ್ಲಿ, ಸೌಟಾಯುಧಧಾರಿಣಿಯೂ ಏಕಹಸ್ತರಾಗಿಮುದ್ದೆಮರ್ದಿನಿಯೂ, ಪಿಸುಗುಟ್ಟಿದರೂ ಏಳು ಮನೆಗೆ ಕೇಳಿಸುವ ಕಂಠವುಳ್ಳವಳೂ ಆದ ಸಣ್ಣತಾಯಮ್ಮನೆಂಬ ವೀರನಾರಿಯ ಸಮರಗಾಥೆಯನ್ನು ಈಗ ಹೇಳುತ್ತೇನೆ.

ಹೊಂಗೆಕೊಪ್ಪಲು ಎಂದರೆ ಒಂದು ರಸ್ತೆ, ರಸ್ತೆಯ ಎರಡು ಬದಿಗೆ ಮನೆ, ಪಡುವಣ ಬದಿಯ ಕೊನೆಗೆ ಮಾರಮ್ಮನ ಗುಡಿ. ಇಷ್ಟೇ ಜಗತ್ತು. ಈ ಜಗತ್ತಿಗೆ ಒಂದು ದಿನ ಟೇಪು ಹಿಡಿದ ಮೂವರು ಬಂದು ರಸ್ತೆಯ ನಟ್ಟನಡುವೆ ಬಿಳಿ ಗೆರೆ ಎಳೆದು, ಮೂಡಣ ಬದಿಯೆಲ್ಲ ಇಂದಿನಿಂದ ಮಹಾನಗರ ಪಾಲಿಕೆ, ಪಡುವಣ ಬದಿ ಎಂದಿನಂತೆ ಗ್ರಾಮ ಪಂಚಾಯಿತಿ ಎಂದು ಸಾರಿ, ಎಳನೀರು ಕುಡಿದು ಹೊರಟುಹೋದರು. ಸಣ್ಣತಾಯಮ್ಮನ ಮನೆ ಮೂಡಣ ಬದಿಯದು. ಆಕೆಗೆ ಅಂದು ಏರಿದ ಜಂಬ ಹೇಳತೀರದು. ಪಾಲಿಕೆಯ ಕಸದ ಗಾಡಿ ಹಾಡು ಹಾಕಿಕೊಂಡು ಮೊದಲ ಸಲ ಬಂದ ದಿನ, ಎರಡು ಹಿಡಿ ಅವರೆ ಸಿಪ್ಪೆಯನ್ನು ಮಹಾರಾಣಿಯಂತೆ ಅದಕ್ಕೆ ಅರ್ಪಿಸಿ, ಎದುರು ಬದಿಗೆ ಕೇಳುವಂತೆ, "ನಿಮ್ ಹಳ್ಳಿ ಕಡೀಕೆ ಇವೆಲ್ಲಾ ಬರಕಿಲ್ವೇನೋ ಪಾಪ" ಎಂದಿದ್ದಳು. ಎದುರು ಜಗಲಿಯಲ್ಲಿ ಕೂತಿದ್ದ ಮೊಗಣ್ಣೇಗೌಡ ಅದನ್ನು ಕೇಳಿಸಿಕೊಂಡಿದ್ದ. ಅವನು ಏನನ್ನಾದರೂ ಮರೆತಾನು, ಕೇಳಿಸಿಕೊಂಡದ್ದನ್ನು ಮರೆಯುವವನಲ್ಲ.

ಈ ಮೊಗಣ್ಣೇಗೌಡನೇ ಊರ ಕೊಪ್ಪರಿಗೆಯ ಕಾವಲುಗಾರ. ಕೊಪ್ಪರಿಗೆಯೆಂದರೆ ಸಾಮಾನ್ಯದ್ದೆಂದು ತಿಳಿಯಬೇಡಿ. ಇಡೀ ಊರಿಗೆ ಸಾರು ಕಾಯಿಸಬಲ್ಲ, ಇಬ್ಬರು ಆಳು ಒಳಗಿಳಿದು ಉಜ್ಜಬಹುದಾದ ಗಜಗರ್ಭಸದೃಶ ತಾಮ್ರಪಾತ್ರೆ ಅದು. ಗುಡಿಯ ಉಗ್ರಾಣದಲ್ಲಿ ಅದರ ವಾಸ. ಅದರಲ್ಲಿ ಬೆಂದ ಬೇಳೆಯ ಕಟ್ಟನ್ನು ಹೆಸರಿಡುವ ದಿನ ಕೂಸಿನ ತುಟಿಗೆ ಒಂದು ಹನಿ ಮುಟ್ಟಿಸಿ, ಕಾವಲುಗಾರನು "ಇದು ನಮ್ಮೂರ ಕೂಸು" ಎಂದರೆ ಮಾತ್ರ ಅದು ಹೊಂಗೆಕೊಪ್ಪಲಿನ ಕೂಸು. ಇಲ್ಲದಿದ್ದರೆ ಬರೀ ಕೂಸು. ಇನ್ನೊಂದು ಕಟ್ಟಳೆಯೆಂದರೆ, ಕೊಪ್ಪರಿಗೆ ಊರ ಎಲ್ಲೆ ದಾಟುವಂತಿಲ್ಲ.

ಸಣ್ಣತಾಯಮ್ಮನ ಸೊಸೆ ತವರಿನಲ್ಲಿ ಬಾಣಂತನ ಮುಗಿಸಿ ಮೂರು ತಿಂಗಳ ಹೆಣ್ಣುಮಗುವಿನೊಂದಿಗೆ ಈ ಸಮರದ ದಿನವೇ ಬರುವವಳಿದ್ದಳು. ಅಂದೇ ಹೆಸರಿಡುವ ಶಾಸ್ತ್ರ, ಅಂದೇ ಬೀಗರಿಗೆ ಊಟ. ಸಣ್ಣತಾಯಮ್ಮ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡ ಚನ್ನಂಕಯ್ಯನೆಂಬ ಏಕಾಂಗಸೈನ್ಯವನ್ನು ಹಿಂದಿಟ್ಟುಕೊಂಡು ಗೆರೆ ದಾಟಿ ಗುಡಿಯ ಮುಂದೆ ನಿಂತಳು.

"ಅಣ್ಣಾ, ಉಗ್ರಾಣದ ಬೀಗ ತೆಗಿ. ಮೊಮ್ಮಗಳು ಬತ್ತಾವ್ಳೆ."

ಆಗ ಪಶ್ಚಿಮದಿಕ್ಪಾಲಕನೂ ತಾಮ್ರಭಾಂಡರಕ್ಷಕನೂ ಆದ ಮೊಗಣ್ಣೇಗೌಡನು ಮೀಸೆಯನ್ನು ತೀಡಿ ಗರ್ಜಿಸಿದನು: "ಎಲೈ ನಗರನಿವಾಸಿನಿಯೇ! ಸೂರ್ಯನು ಪಡುವಣದಲ್ಲಿ ಹುಟ್ಟಲಿ, ನಿಮ್ಮ ಪಾಲಿಕೆಯ ನಲ್ಲಿಯಲ್ಲಿ ನೀರೇ ಬರಲಿ, ನನ್ನ ಪಿತೃಪಿತಾಮಹರು ಕಾಯ್ದ ಈ ಭಾಂಡವು ಆ ಶ್ವೇತರೇಖೆಯನ್ನು ಲಂಘಿಸಲಾರದು!" ಇದು ಕವಿಯಾದ ನನ್ನ ಕಿವಿಗೆ ಕೇಳಿಸಿದ ಬಗೆ. ಅಲ್ಲಿ ನಿಂತಿದ್ದವರಿಗೆ ಕೇಳಿಸಿದ್ದು ಇಷ್ಟು:

"ಕೊಡಕ್ಕಿಲ್ಲ ಹೋಗಮ್ಮಿ. ನೀನೀಗ ಸಿಟಿಯೋಳು. ಆ ಗೆರೆಯೇ ಊರ ಎಲ್ಲೆ. ಕಸದ ಗಾಡಿಯೋರ್ನ ಕೇಳು, ಪಾತ್ರೆ ಕೊಟ್ಟಾರು."

ಸಣ್ಣತಾಯಮ್ಮನಿಗೆ ಸಿಟ್ಟಿಗಿಂತ ಮೊದಲು ಅಂಜಿಕೆ ಬಂತು. ಈ ಮುದುಕ ನಿಜಕ್ಕೂ ಕೊಡದೆಹೋದರೆ? ತನ್ನ ಗಂಡ, ತನ್ನ ಮಗ, ಎಲ್ಲರ ತುಟಿಗೂ ಅದೇ ಕೊಪ್ಪರಿಗೆಯ ಕಟ್ಟು ಮುಟ್ಟಿದೆ. ಮೊಮ್ಮಗಳೊಬ್ಬಳು ಯಾವ ಊರಿಗೂ ಸೇರದೆ ಬರೀ ವಾರ್ಡಿನ ಕೂಸಾಗಿ ಬೆಳೆಯಬೇಕೇ? ಅಂದು ಅವರೆ ಸಿಪ್ಪೆ ಹಿಡಿದು ಆಡಿದ ಮಾತು ಈಗ ತನಗೇ ತಿರುಗಿ ಬಡಿಯಿತು. ಆದರೆ ತಪ್ಪಾಯಿತೆನ್ನುವುದು ವೀರರ ಪದ್ಧತಿಯಲ್ಲ.

"ಗೆರೆ ಬಳಿದೋನು ಎಳನೀರು ಕುಡ್ದು ಹೋದ. ನಾನು ಈ ಊರಿಗೆ ಸೇರಕ್ಕಿ ಒದ್ದು ಬಂದೋಳು. ಯಾರ್ ಮಾತು ದೊಡ್ಡದು? ತೆಗಿ ಬೀಗವ!"

ಹೀಗೆಂದವಳೇ ಮೊಗಣ್ಣೇಗೌಡನ ಸೊಂಟದ ಕೀಲಿಗೆ ಕೈ ಹಾಕಿದಳು. ಆ ವಯಸ್ಸಿನಲ್ಲಿ ಪರಸ್ತ್ರೀಯೊಬ್ಬಳು ಸೊಂಟಕ್ಕೆ ಕೈ ಹಾಕಿದ ಗಾಬರಿಗೆ ಮಹಾವೀರನು ಎರಡು ಹೆಜ್ಜೆ ಹಿಂದೆ ಹಾರಿದ; ಕೀಲಿ ಆಕೆಯ ಕೈಗೆ ಬಂತು. ಉಗ್ರಾಣ ತೆರೆಯಿತು. ಬಳಿಕ ನಡೆದ ಯುದ್ಧವನ್ನು ವರ್ಣಿಸಲು ನನಗೆ ಸಾವಿರ ನಾಲಗೆ ಸಾಲದು, ಇರುವುದಂತೂ ಒಂದೇ. ಕೊಪ್ಪರಿಗೆಯ ಒಂದು ಬದಿಯ ಹಿಡಿಬಳೆಯನ್ನು ಹಿಡಿದು ಗಂಡಹೆಂಡಿರು ಮೂಡಣಕ್ಕೆ ಎಳೆದರು. ಇನ್ನೊಂದು ಬಳೆಗೆ ಜೋತುಬಿದ್ದು ಮೊಗಣ್ಣೇಗೌಡ ಪಡುವಣಕ್ಕೆ ಎಳೆದ. ಮೂಡಣದವರು ಬಂದು ಸಣ್ಣತಾಯಮ್ಮನ ಬೆನ್ನಿಗೆ ಸೇರಿದರು, ಪಡುವಣದವರು ಗೌಡನ ಸೊಂಟ ಹಿಡಿದರು. ತಾಮ್ರವು ಮೊರೆಯಿತು, ಧೂಳು ಮುಗಿಲಿಗೇರಿತು, ಕೋಳಿಗಳು ಯಾವ ಆಡಳಿತಕ್ಕೆ ಸೇರಿದವೆಂದು ತಿಳಿಯದೆ ಎರಡೂ ಕಡೆಗೆ ಓಡಾಡಿದವು. ಕೊನೆಗೆ ಕೊಪ್ಪರಿಗೆ ಸರಿಯಾಗಿ ಬಿಳಿ ಗೆರೆಯ ಮೇಲೆ ಬಂದು ಕೂತು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತುಬಿಟ್ಟಿತು. ಎಲ್ಲರೂ ಏದುಸಿರು ಬಿಡುತ್ತ ಅದಕ್ಕೇ ಒರಗಿಕೊಂಡರು.

ಅದೇ ಹೊತ್ತಿಗೆ ಬೀಗರ ಟೆಂಪೋ ಬಂತು. ಸೊಸೆಯ ತಂದೆ, ಸೀಗೆಮಾಳದ ತಿಬ್ಬೇಗೌಡ, ಮುಂದಿನ ಸೀಟಿನಿಂದ ಇಳಿದವನು ಬೀಗರನ್ನು ನೋಡದೆ ಕೊಪ್ಪರಿಗೆಯನ್ನೇ ನೋಡುತ್ತ ನಿಂತ. ಅದರ ಮೈಯನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಬಹುದು, ಕಂಠಕ್ಕೆ ಮಾತ್ರ ಕೈ ಹಚ್ಚಕೂಡದು, ಅಲ್ಲಿಯ ಮಸಿ ಮಾರಮ್ಮನ ಕಣ್ಣಕಪ್ಪು ಎಂಬುದು ಊರಿನ ಹಳೆಯ ನೇಮ. ಇಂದಿನ ಜಗ್ಗಾಟದಲ್ಲಿ ಸಣ್ಣತಾಯಮ್ಮನ ಸೆರಗು ಉಜ್ಜಿ ಉಜ್ಜಿ ತಲೆತಲಾಂತರದ ಕಣ್ಣಕಪ್ಪು ಕಳಚಿಹೋಗಿತ್ತು. ಕೆಳಗೆ ಉಳಿಯಲ್ಲಿ ಕೊರೆದ ಅಕ್ಷರ. ತಿಬ್ಬೇಗೌಡ ಬೆರಳಿಟ್ಟು ಗಟ್ಟಿಯಾಗಿ ಓದಿದ:

"ಸೀಗೆಮಾಳ."

ಸಣ್ಣತಾಯಮ್ಮ ಮೊಗಣ್ಣೇಗೌಡನನ್ನು ನೋಡಿದಳು. ಮೊಗಣ್ಣೇಗೌಡ ಆಕಾಶ ನೋಡಿದ.

"ನಮ್ ತಾತ ಸಾಯೋಗಂಟ ಹೇಳ್ತಿದ್ದ" ಎಂದ ತಿಬ್ಬೇಗೌಡ. "ಊರ ಕೊಪ್ಪರಿಗೆಯ ಯಾರೋ ಮದುವೆಗೆ ಅಂತ ಇಸ್ಕೊಂಡು ಹೋದೋರು ವಾಪಸ್ ತರ್ನೇ ಇಲ್ಲ ಅಂತ. ಎಲ್ಲಾ ಹಿಡೀರ್ಲಾ, ಟೆಂಪೋಗೆ ಹಾಕನ."

ಕೇಳುಗರೇ, ಯಾವ ಮಂತ್ರಿಯೂ ಯಾವ ಆದೇಶವೂ ಮಾಡಲಾರದ್ದನ್ನು ಆ ಒಂದು ಮಾತು ಮಾಡಿತು. ರಸ್ತೆಯ ಎರಡೂ ಬದಿ ಒಂದೇ ಊರಾಯಿತು. ಮೊಗಣ್ಣೇಗೌಡ ಕೂಗಿದ: "ಏನ್ ನೋಡ್ತಾ ನಿಂತೀಯಮ್ಮಿ ಸಣ್ಣತಾಯಿ, ಹಿಡಿ ಆ ಕಡೆ ಬಳೆಯ! ನಮ್ಮೂರ ಕೊಪ್ಪರಿಗೆ ಕಂಡೋರ ಪಾಲಾಗೋದಾ?" ಹಾಗೆ ಕೂಗಿದ ಪಂಚಾಯಿತಿಯ ಮಹಾರಥಿಯು ತಾನೇ ಮುಂದಾಗಿ ಕೊಪ್ಪರಿಗೆಯನ್ನೆತ್ತಿ, ಗೆರೆಯನ್ನು ತುಳಿದು, ಪಾಲಿಕೆಯ ಸೀಮೆಯೊಳಕ್ಕೆ ನುಗ್ಗಿ, ಸಣ್ಣತಾಯಮ್ಮನ ಅಂಗಳದಲ್ಲಿ ಅದನ್ನು ಇಳಿಸಿ, ಗೇಟಿಗೆ ಚಿಲಕ ಹಾಕಿದ. ತಾನು ಎಲ್ಲೆ ದಾಟಿದ್ದು ಅವನಿಗೆ ಹೊಳೆಯಲಿಲ್ಲ. ಆಕೆಗೆ ಹೊಳೆಯಿತು, ಕಣ್ಣೂ ತುಂಬಿ ಬಂತು, ಆದರೆ ಬಾಯಿ ಬಿಡಲಿಲ್ಲ. ಆಕೆಯ ಜೀವಮಾನದಲ್ಲಿ ಅದೇ ಮೊದಲು.

ಗೇಟಿನಾಚೆ ಬೀಗರು. ಅವರ ಕೈಯಲ್ಲಿ ಮೊಮ್ಮಗಳು. ಸಣ್ಣತಾಯಮ್ಮ ಗೇಟಿನ ಸರಳುಗಳ ನಡುವಿನಿಂದಲೇ ಮಾತಿಗಿಳಿದಳು.

"ಬೀಗ್ರೇ, ನಿಮ್ಮೂರಿಂದ ನಾವು ಹೆಣ್ಣು ತಂದಿಲ್ವಾ? ಅವಳು ಈಗ ಯಾವೂರೋಳು?"

"ನಿಮ್ಮೂರೋಳೇಯ."

"ಕೊಪ್ಪರಿಗೇನೂ ಹಂಗೇಯ. ಬಂದು ಸಂಸಾರ ಮಾಡಿ ಇಷ್ಟು ಕಾಲ ಆಯ್ತು."

ತಿಬ್ಬೇಗೌಡ ತಲೆ ಕೆರೆದುಕೊಂಡ. ಮಾತು ಎಲ್ಲೋ ತಪ್ಪಿದೆಯೆಂದು ಗೊತ್ತು, ಎಲ್ಲಿ ಎಂದು ಸಿಕ್ಕುತ್ತಿಲ್ಲ. ಸಾಕಷ್ಟು ಯೋಚಿಸಿ, "ಹೆಣ್ಣಾದ್ರೆ ವರ್ಸಕ್ಕೊಂದು ಸಲ ತವರಿಗೆ ಕಳಿಸ್ಬೇಕು, ಗೌರಿ ಹಬ್ಬಕ್ಕೆ" ಎಂದ. ಎಲ್ಲರೂ ಒಪ್ಪಿದರು. ಹಸಿದವರು ಏನನ್ನೂ ಒಪ್ಪುತ್ತಾರೆ.

ಬೇಳೆ ಬೆಂದಿತು. ಕೂಸಿಗೆ ಇಂಚರ ಎಂದು ಹೆಸರಾಯಿತು. ಮೊಗಣ್ಣೇಗೌಡ ಒಂದು ಹನಿ ಕಟ್ಟನ್ನು ಅದರ ತುಟಿಗೆ ಮುಟ್ಟಿಸಿ, ಗಂಟಲು ಸರಿಮಾಡಿಕೊಂಡು, "ಇದು ನಮ್ಮೂರ ಕೂಸು" ಎಂದ. ಯಾವ ಊರು ಎಂದು ಯಾರೂ ಕೇಳಲಿಲ್ಲ. ಕೂಸು ಮುಖ ಕಿವುಚಿ ಅವನ ಹೊಸ ಪಂಚೆಯನ್ನು ತೋಯಿಸಿತು. ಸಣ್ಣತಾಯಮ್ಮ ನಗುತ್ತಲೇ ಅತ್ತಳು, ಅಳುತ್ತಲೇ ಸೌಟು ಹಿಡಿದು ಎಲ್ಲರಿಗೂ ಬಡಿಸಿದಳು.

ಬೀಗರ ಟೆಂಪೋ ತಿರುವಿನಲ್ಲಿ ಮರೆಯಾದದ್ದೇ ತಡ, ವೀರರಿಬ್ಬರೂ ಕೊಪ್ಪರಿಗೆಯ ಬಳಿ ಕುಕ್ಕರಗಾಲಲ್ಲಿ ಕೂತರು. ಸಣ್ಣತಾಯಮ್ಮ ಒಲೆಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಕಂಠದ ಸುತ್ತ ಬೆರಳಿನಿಂದ ಬಳಿಯತೊಡಗಿದಳು. ಕಂಠ ಉಜ್ಜಬಾರದೆಂದು ಹಿರಿಯರು ಯಾಕೆ ನೇಮ ಮಾಡಿದರೆಂಬುದು ಆಕೆಗೆ ಈಗ ಚೆನ್ನಾಗಿ ಅರ್ಥವಾಗಿತ್ತು. ಮೊಗಣ್ಣೇಗೌಡ ಕನ್ನಡಕ ಹಾಕಿಕೊಂಡು, ಬಗ್ಗಿ, ಬಹಳ ಹೊತ್ತು ಪರೀಕ್ಷಿಸಿದ.

"ಇನ್ನೊಂಚೂರು ಬಳಿಯಮ್ಮಿ" ಎಂದ. "'ಳ' ಇನ್ನೂ ಕಾಣ್ತಾ ಅದೆ."