ಕಾಡಿಗೆ ಕಾಣದ ಮನೆ

"ಒಳಗಿದ್ದವರಿಗೆ ಕಾಡೆಲ್ಲ ಕಾಣಬೇಕು, ಕಾಡಿಗೆ ಮಾತ್ರ ಮನೆ ಕಾಣಬಾರದು! ಕರೆಂಟಿನ ತಂತಿ ಬೇಡ, ನಲ್ಲಿಯ ನೀರು ಬೇಡ. ಸೂರ್ಯ, ನಾನು, ನೀನು. ಅಷ್ಟೇ!" ಎಂದು ಚಿದಂಬರ ರೋಹಿಣಿ ಬಡಾವಣೆಯ ತನ್ನ ಫ್ಲ್ಯಾಟಿನಲ್ಲಿ ನಿಂತು ಘೋಷಿಸಿದ. ಹಗಲೆಲ್ಲ ಸಾಫ್ಟ್‌ವೇರ್ ಬರೆಯುವ ಆತ, ಸೋಹ್ನಾ ಪಟ್ಟಣದಾಚೆಯ ಅರಾವಳಿ ಗುಡ್ಡದಲ್ಲಿ ತಾನೇ ನಕ್ಷೆ ಹಾಕಿ ಕ್ಯಾಬಿನ್ ಕಟ್ಟಿಸಿಯೇಬಿಟ್ಟ. ನಾಲ್ಕೂ ಗೋಡೆ ಗಾಜು. ಹೊರಮೈ ಥಳಥಳ ಕನ್ನಡಿ!

"ನವಿಲು ಬಂದು ಗುದ್ದಿಕೊಂಡರೆ?" ಎಂದಳು ಹೆಂಡತಿ ರತ್ನಪ್ರಭಾ.

"ನವಿಲಿಗೂ ಅಷ್ಟು ಬುದ್ಧಿ ಇರುತ್ತೆ ಕಣೇ!"

ಜನವರಿಯಲ್ಲಿ ವಾಸಕ್ಕೆ ಹೋದರು. ಹೋದ ದಿನದಿಂದಲೇ ಮಂಜು ಕವಿದು, ಸೂರ್ಯ ಮೂರು ದಿನ ರಜೆ ಹಾಕಿದ. ಬ್ಯಾಟರಿ ಸತ್ತಿತು. ನಾಲ್ಕನೆಯ ಬೆಳಿಗ್ಗೆ ಚಿದಂಬರ ಮಂಕಿ ಕ್ಯಾಪ್ ಹಾಕಿ, ಕಂಬಳಿ ಹೊದ್ದು, ಕೋಲಿಗೆ ಬಟ್ಟೆ ಕಟ್ಟಿಕೊಂಡು ಮೂವತ್ತು ಹೆಜ್ಜೆ ದೂರದ ಸೋಲಾರ್ ಫಲಕ ಒರೆಸಲು ಹೋದ. ಒರೆಸಿ ತಿರುಗಿದರೆ, ಮನೆಯೇ ಇಲ್ಲ!

ಮೂವತ್ತು ಹೆಜ್ಜೆ ನಡೆದ. ಮಂಜು. ಇನ್ನೂ ಮೂವತ್ತು. ಮಂಜು, ಮುಳ್ಳುಜಾಲಿ. ಒಂದು ಹಕ್ಕಿಯ ಸದ್ದೂ ಇಲ್ಲ. "ರತ್ನಾ!" ಎಂದು ಕೂಗಿದ. ಕೂಗು ಹತ್ತಿಯ ಮೂಟೆಯೊಳಗೆ ಬಿದ್ದಂತೆ ಅಡಗಿಹೋಯಿತು.

ಆಗ ಎದುರಿನ ಮಂಜಿನಿಂದ ಒಬ್ಬ ಬಂದ. ಕಪ್ಪು ತಲೆ, ಕಾಲವರೆಗೆ ಕಂಬಳಿ, ಕೈಯಲ್ಲಿ ಕೋಲು. ಹಬೆ ಹಿಡಿದ ತನ್ನ ಕನ್ನಡಕದಲ್ಲಿ ಚಿದಂಬರನಿಗೆ ಅವನ ಮುಖ ಕಾಣಲೊಲ್ಲದು. ಚಿದಂಬರ ನಿಂತ. ಅವನೂ ನಿಂತ.

"ಕೌನ್ ಹೈ ಭಯ್ಯಾ?" ಯಾರದು ಎಂದು ಚಿದಂಬರ ಹಿಂದಿಯಲ್ಲಿ ಕೇಳಿದ.

ಚಿದಂಬರ ಒಂದು ಹೆಜ್ಜೆ ಹಿಂದಿಟ್ಟ. ಅವನೂ ಹಿಂದಿಟ್ಟ. ಕೋಲೆತ್ತಿದ. ಅವನೂ ಎತ್ತಿದ, ಅದೇ ಕ್ಷಣಕ್ಕೆ!

ಚಿದಂಬರನಿಗೆ ಬರುತ್ತಿದ್ದ ಹಿಂದಿಯೆಲ್ಲ ಮರೆತುಹೋಯಿತು. "ಸ್ವಾಮೀ, ಬಿಟ್ಟುಬಿಡಿ! ಕ್ಯಾಬಿನ್ ತಗೊಳ್ಳಿ, ಇನ್ವರ್ಟರ್ ತಗೊಳ್ಳಿ. ಒಳಗೆ ನನ್ನ ಹೆಂಡತಿ ಇದ್ದಾಳೆ, ತುಂಬಾ ಧೈರ್ಯವಂತೆ. ಏನಿದ್ರೂ ಅವಳನ್ನ ಹಿಡ್ಕೊಳ್ಳಿ!" ಎಂದು ಕೈ ಮುಗಿದ. ಅವನೂ ಮುಗಿದ.

ಮರುಕ್ಷಣ ಅವನ ಅರ್ಧ ಮೈ, ನೆತ್ತಿಯಿಂದ ಪಾದದವರೆಗೆ, ಒರೆಸಿದಂತೆ ಅಳಿಸಿಹೋಗಿ, ಅಲ್ಲಿ ಕತ್ತಲೆ ತೆರೆದುಕೊಂಡಿತು. ಆ ಕತ್ತಲೆಯೊಳಗಿಂದ ಬಳೆ ತೊಟ್ಟ ಕೈಯೊಂದು ಚಾಚಿಬಂದು, ಚಿದಂಬರನ ಕಂಬಳಿ ಹಿಡಿದು ಒಳಗೆಳೆಯಿತು!

ಕಣ್ಣು ಬಿಟ್ಟಾಗ ರತ್ನಪ್ರಭಾ ಜಾರುವ ಬಾಗಿಲು ಮುಚ್ಚುತ್ತಿದ್ದಳು. ಗಾಜಿನಾಚೆ ಬರೀ ಮಂಜು.

"ಅದು... ನಾನೇನಾ?"

"ಮತ್ತಿನ್ಯಾರು?"

"ಎಷ್ಟು ಹೊತ್ತಿಂದ ನೋಡ್ತಿದ್ದೆ?"

"ಭಯ್ಯಾ ಅಂದಾಗಿನಿಂದ."

"ಆಗಲೇ ಒಳಗೆ ಕರೀಬಾರದಿತ್ತೇನೇ?"

"ಅಚ್ಛಾ! ನನ್ನನ್ನ ಅವರಿಗೆ ಒಪ್ಪಿಸಿಬಿಟ್ಟಿದ್ರಲ್ಲ ರೀ. ನಿಮಗಿಂತ ಒಳ್ಳೆಯವರೇನೋ ಅಂತ ನೋಡ್ತಿದ್ದೆ!"