ನಾನು ಎತ್ತರಿಸಿದ ಜೀಪುಗಳು

ತೊಂಬತ್ತರ ದಶಕದಲ್ಲಿ ಅರಸೀಕೆರೆಯಲ್ಲಿ ನನ್ನದೊಂದು ಜೀಪ್ ರಿಪೇರಿ ಶೆಡ್ ಇತ್ತು. ಹಿಂದಿನ ಆಕ್ಸಲ್ ತೆಗೆದು ದಪ್ಪದ್ದು ಹಾಕೋದು, ಸ್ಪ್ರಿಂಗ್ ಪ್ಲೇಟ್ ಕೂರಿಸೋದು ಅಂದರೆ ಬೇಲೂರು, ಹಳೇಬೀಡಿನವರೂ ನನ್ನನ್ನೇ ಹುಡುಕಿಕೊಂಡು ಬರೋರು. ಜೀಪಿನಡಿ ಅಂಗಾತ ಮಲಗಿ ಬದುಕೋನ ಮುಖಕ್ಕೆ ಆಯಿಲ್ ಹೇಗೆ ತೊಟ್ಟಿಕ್ಕುತ್ತೋ, ನಗೋ ಪ್ರಸಂಗಗಳೂ ಹಾಗೇ ಹೇಳದೆ ಕೇಳದೆ ಬೀಳ್ತಿರ್ತವೆ.

ಎತ್ತರ

ಕಣಕಟ್ಟೆ ಕಡೆಯ ಗೌಡರೊಬ್ಬರ ಜೀಪು ತೆಂಗಿನ ತೋಟದ ಕೆಸರಲ್ಲಿ ಕಾಯಿ ಹೇರಿಕೊಂಡು ಬರುವಾಗ ಎರಡು ಸಲ ಆಕ್ಸಲ್ ಮುರಿದುಕೊಂಡಿತ್ತು. "ಇನ್ನೊಂದ್ಸಲ ಮುರೀಬಾರ್ದು ಕಣಯ್ಯ" ಅಂದರು. ದಪ್ಪ ಆಕ್ಸಲ್, ಹೆಚ್ಚಿಗೆ ಪ್ಲೇಟು, ದೊಡ್ಡ ಟೈರು ಹಾಕಿದೆ. ಜೀಪು ಒಂದು ಗೇಣು ಮೇಲೆದ್ದಿತು. ಗೌಡರು ಮೀಸೆ ತಿರುವುತ್ತಾ ಅದನ್ನು ಮನೆ ಮುಂದೆ ನಿಲ್ಲಿಸಿದರು, ನಾನೂ ಜೊತೆಗಿದ್ದೆ. ಅವರ ತಾಯಿ ಸೀರೆ ನೆರಿಗೆ ಹಿಡಿದು ಬಲಗಾಲು ಎತ್ತಿದರು, ಎಟುಕಲಿಲ್ಲ. ಎಡಗಾಲು ಎತ್ತಿದರು, ಅದೂ ಎಟುಕಲಿಲ್ಲ.

"ಏನ್ಲಾ, ಕಾಯಿ ಕೀಳೋನ್ನ ಕರ್ಸು. ಇದ್ನ ಹೆಂಗ್ ಹತ್ತೋದು ಅಂತ ಹೇಳ್ಕೊಡ್ಲಿ!"

ಮೊಸರು

ಬೇಲೂರಿನ ಒಬ್ಬರ ಜೀಪು ಎತ್ತಿನ ಬಂಡಿಯಂತೆ ಕುಕ್ಕುತ್ತಿತ್ತು. ಹಳೇ ಪ್ಲೇಟುಗಳನ್ನೆಲ್ಲ ಕಿತ್ತು, ಉದ್ದನೆಯ ಮೆತ್ತನೆ ಪ್ಲೇಟು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಕೊಟ್ಟೆ. ವಾರದಲ್ಲೇ ಅವರು ವಾಪಸ್ ಬಂದರು. ನಾನು ಸ್ಪ್ಯಾನರ್ ಕೆಳಗಿಟ್ಟು ಎದ್ದು ಬಂದೆ.

"ಕುಕ್ಕುತ್ತಾ ಸಾರ್?"

"ಇಲ್ಲ ಕಣ್ರೀ, ತೊಟ್ಟಿಲು ತೂಗಿದಂಗೆ ಹೋಗುತ್ತೆ. ಆದ್ರೆ ಹಳೇಬೀಡಿನಲ್ಲಿ ನಮ್ಮತ್ತೆ ಮುನಿಸಿಕೊಂಡವ್ರೆ. ಪ್ರತಿ ಸಲ ಈ ಜೀಪಲ್ಲೇ ಕುಲುಕಾಡಿಸಿಕೊಂಡು ಒಂದು ಕ್ಯಾನ್ ಮೊಸರು ಒಯ್ತಿದ್ದೆ. ಈ ಸಲ ಮುಚ್ಚಳ ತೆಗೆದು ನೋಡಿ, 'ಅಳಿಯಂದ್ರೇ, ಬರೀ ಮೊಸರು ತಂದಿದೀರಲ್ಲ, ಬೆಣ್ಣೆ ಎಲ್ಲಿ?' ಅಂದ್ರು!"

ನಿಂಬೆಹಣ್ಣು

ಬಾಣಾವರದ ಕೊಬ್ಬರಿ ವ್ಯಾಪಾರಿಯೊಬ್ಬರು ಒಂದು ಹಳೇ ವ್ಯಾನಿನ ಆಕ್ಸಲ್ ತಂದು, ಜೀಪಿಗೆ ಕೂರಿಸು ಅಂದರು. ನಮ್ಮೂರಲ್ಲಿ ನನಗಿಂತ ಹಿರಿಯ ಮೇಸ್ತ್ರಿಯೊಬ್ಬ "ಅದು ಕೂರಲ್ಲ" ಅಂತ ಸಾರಿಬಿಟ್ಟ. ನನಗೆ ಹಟ ಬಂತು. ನಾಲ್ಕು ದಿನ ಕೊಯ್ದು, ವೆಲ್ಡ್ ಮಾಡಿ ಕೂರಿಸಿಯೇಬಿಟ್ಟೆ. ಆ ಮೇಸ್ತ್ರಿಯನ್ನೂ ಕರೆದೆ. ಪೂಜೆ ಮಾಡಿ, ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು, ಎದೆಯುಬ್ಬಿಸಿ ಫಸ್ಟ್ ಗೇರ್ ಹಾಕಿದೆ.

ಜೀಪು ನಿಂಬೆಹಣ್ಣಿಗೆ ಹೆದರಿದಂತೆ ಹಿಂದಕ್ಕೆ ಹೊರಟಿತು! ಸೆಕೆಂಡ್ ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ರಿವರ್ಸ್ ಹಾಕಿದೆ; ಆಗ ಗಂಭೀರವಾಗಿ ಮುಂದಕ್ಕೆ ಬಂತು. ಆಕ್ಸಲನ್ನೇ ತಲೆಕೆಳಗಾಗಿ ಕೂರಿಸಿದ್ದೆ, ಚಕ್ರಗಳು ಉಲ್ಟಾ ತಿರುಗುತ್ತಿದ್ದವು. ಹಿರಿಯ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕಲ್ಲಿನ ಮೇಲೆ ಕೂತುಬಿಟ್ಟ.

ಮತ್ತೆ ಎರಡು ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು, ಎಲ್ಲ ಬಿಚ್ಚಿ ಸರಿ ಮಾಡಿದೆ. ಮೂರನೇ ದಿನ ಕೊಬ್ಬರಿ ಮೂಟೆ ತುಂಬಿಕೊಂಡು, ಯಾವ ಜೀಪೂ ಹತ್ತದಿದ್ದ ಕಲ್ಲು ದಿಬ್ಬವನ್ನು ಅದು ಒಂದೇ ಉಸಿರಿಗೆ ಹತ್ತಿತು. ವ್ಯಾಪಾರಿ ನನ್ನ ಬೆನ್ನು ತಟ್ಟಿ, ನೋಡೋಕೆ ಬಂದಿದ್ದ ಹಿರಿಯ ಮೇಸ್ತ್ರಿಯನ್ನು "ಈಗೇನಂತೀರಿ?" ಅಂತ ಕೇಳಿದರು.

ಆತ ಹೆಗಲ ಮೇಲಿನ ಟವಲ್ ಕೊಡವಿ ಹೇಳಿದ: "ದಿಬ್ಬ ಹತ್ಸೋದೇನ್ ಬಿಡ್ರಿ, ಕಷ್ಟಪಟ್ರೆ ನಾನೂ ಹತ್ಸೇನು. ಆದ್ರೆ ಹಿಂದಕ್ಕೆ ನಾಕು ಗೇರು ಕೊಟ್ಟ ಮೇಸ್ತ್ರಿ ಈ ಸೀಮೇಗೆಲ್ಲ ಇವನೊಬ್ನೇ!"